ಹೆನ್ನಿಂಗ್ ಬೆಂಟ್ಸೆನ್ ಅವರ ಬೆಳಕನ್ನು ನಮ್ಮ ಪಡಸಾಲೆಯಲ್ಲಿ ಕಲಿಯುವ ಬಗೆ

ಡೆನ್ಮಾರ್ಕಿನ ಚಲನಚಿತ್ರ ಛಾಯಾಗ್ರಾಹಕ ಹೆನ್ನಿಂಗ್ ಬೆಂಟ್ಸೆನ್ (1925–2011) ಅವರ ಹೆಸರು ನಮ್ಮ ಕಡೆ ಚಿತ್ರೋತ್ಸವಗಳಿಗೆ ಹೋಗಿಬರುವವರಿಗೂ ಅಷ್ಟಾಗಿ ಗೊತ್ತಿಲ್ಲ. ಅವರು ಯಾರ ಚಿತ್ರಗಳಿಗೆ ಬೆಳಕು ಕೊಟ್ಟರೋ ಆ ಇಬ್ಬರು ನಿರ್ದೇಶಕರು, ಕಾರ್ಲ್ ಥಿಯೋಡರ್ ಡ್ರೈಯರ್ ಮತ್ತು ಲಾರ್ಸ್ ವಾನ್ ಟ್ರಯರ್, ಮಾತ್ರ ಪ್ರಸಿದ್ಧರು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಮದುವೆ ವಿಡಿಯೋ ತೆಗೆಯುತ್ತ, ನಡುವೆ ಬಿಡುವು ಸಿಕ್ಕಾಗ ಕಿರುಚಿತ್ರಕ್ಕೆ ಕೈಹಾಕುವ, ಒಂದು ಸಾಧಾರಣ ಕ್ಯಾಮೆರಾ ಅಥವಾ ಮೊಬೈಲ್ ಮತ್ತು ನಾಲ್ಕು ದೀಪಗಳಿಗಿಂತ ಹೆಚ್ಚಿನದೇನೂ ಇಲ್ಲದ ಯುವಕ ಯುವತಿಯರಿಗಾಗಿ ಈ ಬರಹ. ಬೆಂಟ್ಸೆನ್ ಅವರ ವೃತ್ತಿಜೀವನವನ್ನು ಯಾವ ಕ್ರಮದಲ್ಲಿ ನೋಡಬೇಕು, ನೋಡುವಾಗ ಏನನ್ನು ಬರೆದಿಟ್ಟುಕೊಳ್ಳಬೇಕು, ಅದನ್ನು ನಮ್ಮ ಮಾಳಿಗೆ ಮನೆಯೊಳಗೆ ಮಾಡಿ ನೋಡುವುದು ಹೇಗೆ ಎಂಬುದಷ್ಟೇ ಇಲ್ಲಿಯ ವಿಷಯ. ಅವರಿಂದ ಕಲಿಯಬೇಕಾದ ಮುಖ್ಯ ಸಂಗತಿ ಒಂದೇ: ಅವರು ಕೋಣೆಗೆ ಬೆಳಕು ಕೊಡಲಿಲ್ಲ, ಕೋಣೆಯೊಳಗೆ ಓಡಾಡುವ ಒಬ್ಬೊಬ್ಬ ಮನುಷ್ಯನಿಗೆ ಬೇರೆ ಬೇರೆ ಬೆಳಕು ಕೊಟ್ಟರು, ಮತ್ತು ಆ ಬೆಳಕನ್ನು ಶಾಟ್ (ಕ್ಯಾಮೆರಾ ನಿಲ್ಲಿಸದೆ ಒಂದೇ ಸಲಕ್ಕೆ ತೆಗೆಯುವ ತುಣುಕು) ನಡೆಯುತ್ತಿರುವಾಗಲೇ ಬದಲಾಯಿಸಿದರು.

ಮೊದಲು ಬದುಕಿನ ಗೆರೆಯನ್ನು ತಿಳಿದುಕೊಳ್ಳಿ

ಬೆಂಟ್ಸೆನ್ ಹುಟ್ಟಿದ್ದು ಕೋಪನ್‌ಹೇಗನ್‌ನಲ್ಲಿ. ನಮ್ಮ ಮೈಸೂರಿನ ಛಾಯಾಗ್ರಾಹಕ ವಿ. ಕೆ. ಮೂರ್ತಿ ಅವರಿಗಿಂತ ಎರಡೇ ವರ್ಷ ಕಿರಿಯರು. ಮೂರ್ತಿಯವರು ಮುಂಬಯಿಯ ಸ್ಟುಡಿಯೋಗಳಲ್ಲಿ ಕಪ್ಪು ಬಿಳುಪಿನ ಬೆಳಕನ್ನು ಪಳಗಿಸುತ್ತಿದ್ದ ದಶಕದಲ್ಲೇ ಬೆಂಟ್ಸೆನ್ ಡೇನಿಷ್ ಸ್ಟುಡಿಯೋಗಳಲ್ಲಿ ಅದೇ ಕೆಲಸ ಮಾಡುತ್ತಿದ್ದರು. ಈ ಒಂದು ಸಂಗತಿಯನ್ನು ನೆನಪಿಟ್ಟರೆ ಅವರ ಕಾಲ ಯಾವುದು, ಅವರ ಕೈಯಲ್ಲಿದ್ದ ಉಪಕರಣಗಳು ಎಂಥವು ಎಂಬ ಅಂದಾಜು ತಾನಾಗಿಯೇ ಸಿಗುತ್ತದೆ. ಎಲ್ಲ ಸ್ಟುಡಿಯೋ ಛಾಯಾಗ್ರಾಹಕರಂತೆ ಅವರೂ ಜನ ನೋಡಿ ಮರೆತುಬಿಡುವ ಸಾಮಾನ್ಯ ಚಿತ್ರಗಳನ್ನು ತೆಗೆದವರೇ. ಆದರೆ ಮೂವತ್ತನೆಯ ವಯಸ್ಸಿಗೆ ‘ಓರ್ಡೆಟ್’ (1955) ಎಂಬ ಚಿತ್ರಕ್ಕೆ ಡ್ರೈಯರ್ ಜೊತೆ ಕೆಲಸ ಮಾಡಿದರು. ಆ ಚಿತ್ರಕ್ಕೆ ಆ ವರ್ಷ ವೆನಿಸ್ ಚಿತ್ರೋತ್ಸವದ ಗೋಲ್ಡನ್ ಲಯನ್ ಪ್ರಶಸ್ತಿ ಬಂದಿತು. ಒಂಬತ್ತು ವರ್ಷಗಳ ನಂತರ, ಡ್ರೈಯರ್ ಅವರ ಕೊನೆಯ ಚಿತ್ರವಾದ ‘ಗೆರ್ಟ್ರುಡ್’ (1964) ಕೂಡ ಇವರ ಕ್ಯಾಮೆರಾದಿಂದಲೇ ಬಂತು.

ಅಲ್ಲಿಗೆ ಕಥೆ ಮುಗಿದಿದ್ದರೆ ಇವರನ್ನು ಡ್ರೈಯರ್ ಅವರ ಛಾಯಾಗ್ರಾಹಕ ಎಂದಷ್ಟೇ ಕರೆದು ಮುಂದೆ ಹೋಗಬಹುದಿತ್ತು. ಆದರೆ ಎರಡು ದಶಕಗಳು ಕಳೆದ ಮೇಲೆ, ಡ್ರೈಯರ್ ಅವರನ್ನು ಗುರುವಿನಂತೆ ಕಾಣುತ್ತಿದ್ದ ತರುಣ ನಿರ್ದೇಶಕ ಲಾರ್ಸ್ ವಾನ್ ಟ್ರಯರ್ ಈ ಹಿರಿಯರ ಬಳಿ ಬಂದರು. ‘ಎಪಿಡೆಮಿಕ್’ (1987) ಮತ್ತು ‘ಯುರೋಪಾ’ (1991) ಚಿತ್ರಗಳನ್ನು ಬೆಂಟ್ಸೆನ್ ತಮ್ಮ ಅರವತ್ತು ದಾಟಿದ ವಯಸ್ಸಿನಲ್ಲಿ ತೆಗೆದರು. ಹುಡುಕುವಾಗ ಒಂದು ಎಚ್ಚರಿಕೆ ಇರಲಿ. ಹೆನ್ನಿಂಗ್ ಕ್ರಿಸ್ಟಿಯಾನ್ಸೆನ್ ಎಂಬ ಇನ್ನೊಬ್ಬ ಡೇನಿಷ್ ಛಾಯಾಗ್ರಾಹಕರೂ ಇದ್ದರು. ಆಸ್ಕರ್ ಪಡೆದ ‘ಬಬೆಟ್ಸ್ ಫೀಸ್ಟ್’ (1987) ಅವರದು. ಹೆಸರಿನ ಮೊದಲ ಭಾಗ ನೋಡಿ ಇಬ್ಬರ ಚಿತ್ರಪಟ್ಟಿಯನ್ನು ಕಲಸಿಬಿಟ್ಟರೆ ಅಧ್ಯಯನದ ದಾರಿಯೇ ತಪ್ಪುತ್ತದೆ.

ಹೀಗಾಗಿ ನಿಮ್ಮ ಅಧ್ಯಯನಕ್ಕೆ ನಾಲ್ಕು ಚಿತ್ರಗಳು ಸಾಕು. ಬಂದ ವರ್ಷದ ಕ್ರಮದಲ್ಲೇ ನೋಡಿ. ‘ಯುರೋಪಾ’ ಕಣ್ಣಿಗೆ ಬೇಗ ಹಿಡಿಸುತ್ತದೆ ಎಂದು ಅದರಿಂದ ಆರಂಭಿಸಿದರೆ, ಅದರ ಚಮತ್ಕಾರಗಳ ಹಿಂದೆ ಯಾವ ಶಿಸ್ತು ಇತ್ತೆಂಬುದು ಕಾಣದೆ ಹೋಗುತ್ತದೆ.

‘ಓರ್ಡೆಟ್’ ನೋಡುವ ಕ್ರಮ

ಈ ಚಿತ್ರ ಕೈ ಮುಂಕ್ ಎಂಬ ಪಾದ್ರಿ ಬರೆದ ನಾಟಕವನ್ನು ಆಧರಿಸಿದೆ. ಜರ್ಮನ್ ಆಕ್ರಮಣದ ಕಾಲದಲ್ಲಿ, 1944ರ ಜನವರಿಯಲ್ಲಿ, ನಾತ್ಸಿಗಳ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಪೊ ಮುಂಕ್ ಅವರನ್ನು ಕೊಂದಿತು. ಅವರು ಪಾದ್ರಿಯಾಗಿದ್ದ, ಡೆನ್ಮಾರ್ಕಿನ ಜುಟ್ಲೆಂಡ್ ಪ್ರದೇಶದ ವೆಡರ್ಸೊ ಗ್ರಾಮದಲ್ಲೇ ಡ್ರೈಯರ್ ಹೊರಾಂಗಣದ ದೃಶ್ಯಗಳನ್ನು ತೆಗೆದರು. ಮನೆಯ ಒಳಗಿನ ದೃಶ್ಯಗಳು ಸ್ಟುಡಿಯೋದವು. ಒಬ್ಬ ರೈತ ಹಿರಿಯ, ಅವನ ಮೂವರು ಗಂಡುಮಕ್ಕಳು, ತನ್ನನ್ನೇ ಯೇಸು ಎಂದು ನಂಬಿದ ನಡುವಿನ ಮಗ ಯೋಹಾನೆಸ್, ಹೆರಿಗೆಯಲ್ಲಿ ತೀರಿಕೊಳ್ಳುವ ಹಿರಿಸೊಸೆ, ಪಂಗಡ ಬೇರೆಯೆಂದು ಹೆಣ್ಣು ಕೊಡಲೊಪ್ಪದ ದರ್ಜಿ: ಇದು ನಮ್ಮ ಯಾವ ಹಳ್ಳಿಯಲ್ಲಿಯೂ ನಡೆಯಬಹುದಾದ ಸಂಸಾರ. ಕಂಪನಿ ನಾಟಕ ನೋಡಿ ಬೆಳೆದವರಿಗೆ ಇದರ ಕಟ್ಟು ಅಪರಿಚಿತವೆನಿಸದು.

ಮೊದಲ ಸಲ ಕಥೆಗಾಗಿ ನೋಡಿ. ಎರಡನೆಯ ಸಲ ಧ್ವನಿಯನ್ನು ಪೂರ್ತಿ ಬಂದ್ ಮಾಡಿ, ಒಂದು ಉದ್ದ ನೋಟ್‌ಬುಕ್ ಹಿಡಿದು ಕುಳಿತುಕೊಳ್ಳಿ. ಎರಡು ಗಂಟೆ ಮೀರಿದ ಈ ಚಿತ್ರದಲ್ಲಿ ಇರುವುದು ಸುಮಾರು 114 ಶಾಟ್‌ಗಳು ಮಾತ್ರ. ಕೆಲವು ಶಾಟ್‌ಗಳು ಆರೇಳು ನಿಮಿಷ ತುಂಡಾಗದೆ ನಡೆಯುತ್ತವೆ. ಆದ್ದರಿಂದ ಶಾಟ್ ಎಣಿಸುವುದು ಕಷ್ಟದ ಕೆಲಸವಲ್ಲ, ಒಂದು ಶಾಟ್ ಒಳಗೆ ಏನಾಯಿತೆಂದು ಬರೆಯುವುದೇ ಕಷ್ಟ. ಪ್ರತಿ ಶಾಟ್‌ಗೆ ಕೋಣೆಯ ನಕ್ಷೆಯನ್ನು ಮೇಲಿನಿಂದ ನೋಡಿದಂತೆ ಗೀಚಿ, ಪಾತ್ರ ಎಲ್ಲಿಂದ ಎಲ್ಲಿಗೆ ನಡೆಯಿತೆಂದು ಬಾಣ ಹಾಕಿ, ಅವನ ಮುಖದ ಯಾವ ಭಾಗ ಬೆಳಗಿತು, ಮೂಗಿನ ನೆರಳು ಯಾವ ಕಡೆಗೆ ಬಿತ್ತು ಎಂಬುದನ್ನು ಬಾಣದ ಎರಡೂ ತುದಿಗಳಲ್ಲಿ ಗುರುತಿಸಿ. ಹತ್ತಿಪ್ಪತ್ತು ಶಾಟ್‌ಗಳಿಗೆ ಹೀಗೆ ಮಾಡಿದ ಮೇಲೆ ಒಂದು ವಿಚಿತ್ರ ಕಣ್ಣಿಗೆ ಬೀಳುತ್ತದೆ: ಕಿಟಕಿ ಒಂದೇ ಕಡೆ ಇದ್ದರೂ ಬಾಗಿಲ ಬಳಿ ನಿಂತವನಿಗೂ, ಮೇಜಿನ ಬಳಿ ಕುಳಿತವನಿಗೂ, ನಡುವೆ ಹಾದುಹೋದವನಿಗೂ ಬೆಳಕು ಅವರವರ ಪಾಲಿನದೇ ಆಗಿದೆ.

ಇದು ಹೇಗೆ ಸಾಧ್ಯವಾಯಿತೆಂದು ಬೆಂಟ್ಸೆನ್ ಅವರೇ ನಂತರ ವಿವರಿಸಿದ್ದಾರೆ. ಸಾಮಾನ್ಯವಾಗಿ ಒಂದೆರಡು ದೀಪಗಳಲ್ಲಿ ಮುಗಿಸುತ್ತಿದ್ದ ಕೆಲಸಕ್ಕೆ ಇಲ್ಲಿ ಇಪ್ಪತ್ತರವರೆಗೂ ದೀಪಗಳನ್ನು ಹೂಡಲಾಗುತ್ತಿತ್ತು. ನಟ ನಡೆದಂತೆ, ಕ್ಯಾಮೆರಾ ಸರಿದಂತೆ, ವಿದ್ಯುತ್ ಕೆಲಸದವರು ಒಂದನ್ನು ಆರಿಸಿ ಇನ್ನೊಂದನ್ನು ಹೊತ್ತಿಸುತ್ತಿದ್ದರು, ಅದೂ ಪರದೆಯ ಮೇಲೆ ಯಾರಿಗೂ ಗೊತ್ತಾಗದಂತೆ. ನನ್ನ ದೃಷ್ಟಿಯಲ್ಲಿ ಈ ಚಿತ್ರದ ನಿಜವಾದ ಅಭಿನಯ ನಡೆದದ್ದು ಸ್ವಿಚ್‌ಗಳ ಬಳಿ.

ಎರಡು ಜಾಗಗಳನ್ನು ಮತ್ತೆ ಮತ್ತೆ ನೋಡಬೇಕು. ಯೋಹಾನೆಸ್ ಪುಟ್ಟ ಹುಡುಗಿಯ ಜೊತೆ ಕುಳಿತು ಮಾತನಾಡುವಾಗ ಕ್ಯಾಮೆರಾ ನಿಧಾನವಾಗಿ ಅವರಿಬ್ಬರ ಸುತ್ತ ಬಾಗಿ ಸರಿಯುತ್ತದೆ. ಅಷ್ಟು ಹೊತ್ತೂ ಎರಡು ಮುಖಗಳೂ ಎಲ್ಲಿಯೂ ಕತ್ತಲಾಗುವುದಿಲ್ಲ, ಎಲ್ಲಿಯೂ ಬೆಳ್ಳಗೆ ಬೆಳಗಿ ಚಪ್ಪಟೆಯಾಗುವುದೂ ಇಲ್ಲ. ಇನ್ನೊಂದು, ರಾತ್ರಿ ವೈದ್ಯರ ಕಾರಿನ ದೀಪದ ಬೆಳಕು ಗೋಡೆಯ ಮೇಲೆ ಹರಿದುಹೋಗುವ ಗಳಿಗೆ. ಮನೆಯವರಿಗೆ ಅದು ಕಾರಿನ ಬೆಳಕು, ಯೋಹಾನೆಸ್‌ಗೆ ಅದು ಮನೆಯೊಳಗೆ ಹಾದುಹೋಗುವ ಸಾವು.

ಪಡಸಾಲೆಯಲ್ಲಿ ಮಾಡಿ ನೋಡುವುದು

ಇದಕ್ಕೆ ಹಳೆಯ ಮಾಳಿಗೆ ಮನೆಯ ಪಡಸಾಲೆಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ. ಗೋಡೆ ದಪ್ಪ, ಕಿಟಕಿ ಕಡಿಮೆ, ಮೇಲೆ ಬೆಳಕಿಂಡಿ ಮುಚ್ಚಿದರೆ ಹಗಲಿನಲ್ಲೂ ಕತ್ತಲೆ ಸಿಗುತ್ತದೆ. ಜಂತಿಗಳಿಗೆ ಹಗ್ಗ ಕಟ್ಟಿ ದೀಪ ಇಳಿಬಿಡಬಹುದು. ಬೆಳಗಾವಿ, ಖಾನಾಪುರ ಕಡೆಯ ಹಂಚಿನ ಮನೆಯಾದರೆ ಗಾಜಿನ ಹಂಚುಗಳ ಮೇಲೆ ಗೋಣಿಚೀಲ ಹಾಸಬೇಕು, ಇಲ್ಲವೇ ರಾತ್ರಿ ಮಾಡಬೇಕು. ಸುಣ್ಣ ಬಳಿದ ಬಿಳಿ ಗೋಡೆ ಮಾತ್ರ ನಿಮ್ಮ ಶತ್ರು: ಯಾವ ದೀಪ ಹಚ್ಚಿದರೂ ಅದು ಬೆಳಕನ್ನು ಕೋಣೆಯ ತುಂಬ ಚೆಲ್ಲಿಬಿಡುತ್ತದೆ. ಕ್ಯಾಮೆರಾ ನೋಡದ ಗೋಡೆಗಳಿಗೆಲ್ಲ ಕರಿ ಕಂಬಳಿ ತೂಗುಹಾಕಿ. ಚಿತ್ರೀಕರಣದವರು ಕಟರ್ ಎಂದು ಕರೆಯುವ ಕಪ್ಪು ಹಲಗೆ ಮಾಡುವ ಕೆಲಸವನ್ನು ನಮ್ಮ ಕಂಬಳಿ ಅದಕ್ಕಿಂತ ಚೆನ್ನಾಗಿಯೇ ಮಾಡುತ್ತದೆ.

ಮೊದಲು ಸಾಮಾನುಗಳನ್ನು ತೆಗೆಯಿರಿ. ಡ್ರೈಯರ್ ಈ ಚಿತ್ರದ ಅಡುಗೆಮನೆಯನ್ನು ಎಲ್ಲ ಪಾತ್ರೆ ಪಗಡೆಗಳಿಂದ ತುಂಬಿಸಿ, ಆಮೇಲೆ ಒಂದೊಂದಾಗಿ ತೆಗೆಯಿಸುತ್ತ ಹೋಗಿ, ಅಡುಗೆಮನೆ ಎಂದು ನಂಬಲು ಬೇಕಾದ ಕೆಲವನ್ನೇ ಉಳಿಸಿಕೊಂಡರಂತೆ. ನೀವೂ ಹಾಗೆಯೇ ಕ್ಯಾಲೆಂಡರು, ಪ್ಲಾಸ್ಟಿಕ್ ಕುರ್ಚಿ, ಟಿ.ವಿ., ಗೋಡೆಯ ಹೊಳೆಯುವ ಫೋಟೋಗಳನ್ನೆಲ್ಲ ತೆಗೆದು, ಒಂದು ಜಮಖಾನೆ, ಒಂದು ಕಂಬ, ನೀರಿನ ತಂಬಿಗೆ ಉಳಿಸಿಕೊಂಡರೆ ಸಾಕು. ಬೆಳಕನ್ನು ಕಲಿಯುವವರಿಗೆ ಹೊಳೆಯುವ ವಸ್ತು ಮೊದಲ ತಂಟೆ.

ದೃಶ್ಯ ಸರಳವಾಗಿರಲಿ. ಮುತ್ಯಾ ಕಂಬಕ್ಕೆ ಒರಗಿ ಕುಳಿತಿದ್ದಾನೆ. ಮೊಮ್ಮಗಳು ಅಡುಗೆಮನೆಯಿಂದ ಚಹಾ ತಂದು, ಅವನ ಪಕ್ಕ ಕುಳಿತು ಏನೋ ಕೇಳಿ, ಎದ್ದು ತಲೆಬಾಗಿಲಿನತ್ತ ಹೋಗುತ್ತಾಳೆ. ಒಂದೇ ಶಾಟ್, ಎರಡು ಎರಡೂವರೆ ನಿಮಿಷ. ಇದಕ್ಕೆ ದೀಪಗಳನ್ನು ಹೂಡುವಾಗ ಕೋಣೆಯನ್ನು ಮರೆತು, ಹುಡುಗಿ ನಿಲ್ಲುವ ಜಾಗಗಳನ್ನು ಮಾತ್ರ ಲೆಕ್ಕ ಹಾಕಿ: ಅಡುಗೆಮನೆಯ ಹೊಸ್ತಿಲು, ಮುತ್ಯಾನ ಪಕ್ಕ, ತಲೆಬಾಗಿಲು. ಒಂದೊಂದಕ್ಕೂ ಒಂದು ದೀಪ, ಮುತ್ಯಾನಿಗೆ ಅವನದೇ ಒಂದು. ಪ್ರತಿ ದೀಪಕ್ಕೂ ತಗಡಿನ ಅಥವಾ ದಪ್ಪ ಕರಿ ಕಾಗದದ ಕೊಳವೆ ಸುತ್ತಿ, ಅದರ ಬೆಳಕು ತನ್ನ ಜಾಗ ಬಿಟ್ಟು ಬೇರೆಡೆ ಹೋಗದಂತೆ ಕಟ್ಟಿ. ಹ್ಯಾಲೋಜನ್ ದೀಪವಾದರೆ ಕಾಗದ ಬೇಡ, ತಗಡೇ ಬೇಕು. ಆ ಶಾಖಕ್ಕೆ ಕಾಗದ ಹೊತ್ತಿಕೊಳ್ಳುತ್ತದೆ, ಕಂಬಳಿಯನ್ನೂ ದೂರವೇ ಇಡಿ. ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನು ಇಲ್ಲಿ ಬಳಸಿಕೊಳ್ಳಬೇಕು: ದೀಪವನ್ನು ಮುಖಕ್ಕೆ ಹತ್ತಿರ ತಂದಷ್ಟೂ ಹಿಂದಿನ ಗೋಡೆ ತಾನಾಗಿಯೇ ಕತ್ತಲಾಗುತ್ತದೆ.

ಇನ್ನು ಬೆಳಕಿನ ಏರಿಳಿತ. ಇದಕ್ಕೆ ಹಳೆಯ ಮಾದರಿಯ ತಂತಿಯ ಬಲ್ಬುಗಳು ಅಥವಾ ಹ್ಯಾಲೋಜನ್ ದೀಪಗಳು ಬೇಕು. ಸಾಮಾನ್ಯ ಎಲ್‌ಇಡಿ ಬಲ್ಬನ್ನು ಫ್ಯಾನಿನ ರೆಗ್ಯುಲೇಟರಿಗೆ ಜೋಡಿಸಿದರೆ ಅದು ಮಿಣುಕುತ್ತದೆ, ಕೆಲವೊಮ್ಮೆ ಕೆಟ್ಟೇಹೋಗುತ್ತದೆ. ನಾಟಕ ಕಂಪನಿಗಳಿಗೆ ಲೈಟು ಕೊಡುವವರ ಬಳಿ ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಪೆಟ್ಟಿಗೆಗಳು ಇರುತ್ತವೆ. ಬಾಡಿಗೆಗೆ ಕೇಳಿ ತನ್ನಿ. ಬಾದಾಮಿಯ ಬನಶಂಕರಿ ಜಾತ್ರೆಗೆ ಕಂಪನಿಗಳು ಬೀಡುಬಿಟ್ಟಾಗ, ನಾಟಕದ ಬದಲು ಒಂದು ರಾತ್ರಿ ಲೈಟಿನವರ ಕೈಯನ್ನಷ್ಟೇ ನೋಡುತ್ತ ಕುಳಿತುಕೊಳ್ಳುವುದು ಯಾವ ಕಾರ್ಯಾಗಾರಕ್ಕೂ ಕಡಿಮೆಯಲ್ಲ. ಹಾಡು ಬರುವ ಮುನ್ನ ಬೆಳಕು ಎಷ್ಟು ಹೊತ್ತು ಹಿಡಿದು ಇಳಿಯುತ್ತದೆಂಬುದು ಅವರಿಗೆ ಗಡಿಯಾರವಿಲ್ಲದೆ ಗೊತ್ತಿರುತ್ತದೆ.

ತಂತಿಯ ಬಲ್ಬನ್ನು ಮಂದ ಮಾಡಿದಾಗ ಅದರ ಬಣ್ಣ ಕೆಂಪಿಗೆ ತಿರುಗುತ್ತದೆ. ಬಣ್ಣದ ಚಿತ್ರದಲ್ಲಿ ಇದು ಕೂಡಲೇ ಕಾಣುತ್ತದೆ, ಕಪ್ಪು ಬಿಳುಪಿನಲ್ಲಿ ಮುಚ್ಚಿಹೋಗುತ್ತದೆ. ಬೆಂಟ್ಸೆನ್ ಅವರ ವಿಧಾನಕ್ಕೆ ಕಪ್ಪು ಬಿಳುಪು ಎಷ್ಟು ಅನುಕೂಲವಾಗಿತ್ತೆಂಬುದು ಇದನ್ನು ಕೈಯಾರೆ ಮಾಡಿದವರಿಗೆ ಮಾತ್ರ ತಿಳಿಯುತ್ತದೆ. ಆದ್ದರಿಂದ ಮೊಬೈಲನ್ನು ಕಪ್ಪು ಬಿಳುಪಿಗೆ ಹಾಕಿ, ಎಕ್ಸ್‌ಪೋಶರ್ (ಕ್ಯಾಮೆರಾ ಒಳಗೆ ಬಿಟ್ಟುಕೊಳ್ಳುವ ಬೆಳಕಿನ ಪ್ರಮಾಣ) ಲಾಕ್ ಮಾಡಿ. ಲಾಕ್ ಮಾಡದಿದ್ದರೆ ನೀವು ದೀಪ ಇಳಿಸಿದಾಗೆಲ್ಲ ಫೋನು ತಾನೇ ಏರಿಸಿ ನಿಮ್ಮ ಶ್ರಮವನ್ನೆಲ್ಲ ಅಳಿಸಿಹಾಕುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸಿನದಾದ್ದರಿಂದ ಸೆಕೆಂಡಿಗೆ 25 ಫ್ರೇಮು, ಶಟರ್ ವೇಗ ಸೆಕೆಂಡಿನ 50ನೆಯ ಒಂದು ಭಾಗ ಎಂದು ಇಟ್ಟುಕೊಂಡರೆ ಮಿಣುಕು ಬರುವುದಿಲ್ಲ. ಐದು ಆಂಪಿಯರ್ ಸಾಕೆಟ್ಟಿನ ತಾಳಿಕೆ ಸುಮಾರು 1,100 ವ್ಯಾಟು ಮಾತ್ರ. ಹಳೆಯ ಮನೆಯ ವೈರಿಂಗ್ ಅದನ್ನೂ ತಾಳದಿರಬಹುದು, ಹಾಗಾಗಿ ಐನೂರು ವ್ಯಾಟಿನ ಎರಡು ಹ್ಯಾಲೋಜನ್‌ಗಳನ್ನು ಒಂದೇ ಸಾಕೆಟ್ಟಿಗೆ ಹಾಕುವ ಸಾಹಸ ಬೇಡ.

ಈಗ ಹುಡುಗಿ ಹೊಸ್ತಿಲು ಬಿಟ್ಟು ನಡೆಯುವಾಗ ಅಲ್ಲಿಯ ದೀಪ ಇಳಿಯಬೇಕು, ಮುತ್ಯಾನ ಪಕ್ಕದ ದೀಪ ಏರಬೇಕು. ಡಿಮ್ಮರ್ ತಿರುಗಿಸುವವನು ಮುಖ ನೋಡಬಾರದು, ಕಾಲು ನೋಡಬೇಕು: ಪಾದ ಎತ್ತಿದಾಗ ತಿರುಗಿಸಲು ಶುರುಮಾಡಿ, ಕುಳಿತಾಗ ನಿಲ್ಲಿಸಬೇಕು. ದೇಹ ಚಲಿಸುತ್ತಿರುವಾಗ ನೋಡುವವರ ಕಣ್ಣು ಚಲನೆಯ ಹಿಂದೆ ಹೋಗುವುದರಿಂದ ಬೆಳಕಿನ ಬದಲಾವಣೆ ಗಮನಕ್ಕೆ ಬರುವುದಿಲ್ಲ. ದೇಹ ನಿಂತ ಮೇಲೆ ಬೆಳಕು ಬದಲಾದರೆ ಮಗುವಿಗೂ ಗೊತ್ತಾಗುತ್ತದೆ. ಕ್ಯಾಮೆರಾ ಸರಿಸಲು ಟ್ರಾಲಿ ಇಲ್ಲದಿದ್ದರೆ, ನೆಲದ ಪರಸಿ ಸಮವಾಗಿದ್ದಲ್ಲಿ ಗಾಲಿಕುರ್ಚಿ ಸಾಕು. ಸಮವಿಲ್ಲದಿದ್ದರೆ ಕ್ಯಾಮೆರಾವನ್ನು ನಿಲ್ಲಿಸಿಯೇ ಇಡಿ, ಮೊದಲ ಸುತ್ತಿಗೆ ಅದೇ ಲೇಸು.

ಕಾರಿನ ಬೆಳಕಿನ ಗಳಿಗೆಯನ್ನು ಬೈಕಿನಿಂದ ಮಾಡಬಹುದು. ಬಾಗಿಲನ್ನು ಅರ್ಧ ತೆರೆದು, ಹೊರಗೆ ಅಂಗಳದಲ್ಲಿ ಬೈಕನ್ನು ನಿಧಾನ ತಿರುಗಿಸಿದರೆ ಬಾಗಿಲಿನ ಆಕಾರದ ಬೆಳಕು ಗೋಡೆಯ ಮೇಲೆ ಹರಿಯುತ್ತದೆ. ಎಂಜಿನ್ ಬಂದ್ ಇದ್ದರೂ ದೀಪ ಉರಿಯುವ ಬೈಕಾದರೆ ಬಂದ್ ಮಾಡಿ ತಳ್ಳಿ, ಬೆಳಕು ನಡುಗುವುದಿಲ್ಲ.

ಹೊರಗಿನ ಬೆಳಕಿಗೆ ಯಾವ ತಿಂಗಳು, ಯಾವ ಊರು

‘ಓರ್ಡೆಟ್’ನ ಹೊರಾಂಗಣವನ್ನು ವಿಜಯಪುರದ ಬಯಲಿನಲ್ಲಿ ನಕಲು ಮಾಡಲು ಹೊರಟವರು ನಿರಾಶರಾಗುವುದು ಖಚಿತ, ಮತ್ತು ಅದಕ್ಕೆ ಕಾರಣ ಕ್ಯಾಮೆರಾ ಅಲ್ಲ, ಸೂರ್ಯ. ವೆಡರ್ಸೊ ಇರುವುದು ಸುಮಾರು 56 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ನಡುಬೇಸಿಗೆಯ ಮಧ್ಯಾಹ್ನವೂ ಸೂರ್ಯ 57 ಡಿಗ್ರಿಗಿಂತ ಹೆಚ್ಚು ಮೇಲೇರುವುದಿಲ್ಲ, ಡಿಸೆಂಬರಿನಲ್ಲಿ ಹತ್ತು ಡಿಗ್ರಿಯ ಆಸುಪಾಸಿನಲ್ಲೇ ಇರುತ್ತಾನೆ. ನಮ್ಮಲ್ಲಿ ಡಿಸೆಂಬರಿನ ಮಧ್ಯಾಹ್ನವೂ ಅವನು ಸುಮಾರು 50 ಡಿಗ್ರಿ ಎತ್ತರದಲ್ಲಿರುತ್ತಾನೆ. ಮೇ ಮೊದಲ ವಾರ ಮತ್ತು ಆಗಸ್ಟಿನ ಮೊದಲ ಭಾಗದಲ್ಲಿ ನೆತ್ತಿಯ ಮೇಲೆಯೇ ನಿಲ್ಲುತ್ತಾನೆ. ನೆತ್ತಿಯ ಸೂರ್ಯ ಕಣ್ಣಿನ ಗುಳಿಗಳನ್ನು ಕಪ್ಪಾಗಿಸುತ್ತಾನೆ. ಹಾಗಾಗಿ ಬೇಸಿಗೆಯಲ್ಲಿ ಹೊರಗಿನ ಕೆಲಸವನ್ನು ಬೆಳಿಗ್ಗೆ ಎಂಟರೊಳಗೆ ಮುಗಿಸಬೇಕು.

ಮೋಡದ ಮೆತ್ತನೆಯ ಬೂದು ಬೆಳಕು ಬೇಕಾದರೆ ಜುಲೈನಲ್ಲಿ ಖಾನಾಪುರದ ಕಡೆಗೆ ಹೋಗಿ. ಮಳೆಯ ನಡುವೆ ಸಿಗುವ ಅರ್ಧ ಗಂಟೆಯಲ್ಲಿ ನೆರಳೇ ಇಲ್ಲದ, ಮುಖದ ಎರಡೂ ಕಡೆ ಸಮನಾದ ಬೆಳಕು ದೊರೆಯುತ್ತದೆ. ಯರಿಭೂಮಿಯ ಬಿಳಿಜೋಳದ ಹೊಲದಲ್ಲಿ ತೆಗೆಯಬೇಕೆಂದರೆ ಜನವರಿಯ ಸಂಜೆ ಒಳ್ಳೆಯದು. ಓರೆ ಬೆಳಕಿಗೆ ಎದುರಾಗಿ ನಿಂತರೆ ತೆನೆಗಳ ಅಂಚು ಬೆಳಗುತ್ತದೆ, ಕಪ್ಪು ಮಣ್ಣು ಕೆಳಗಿನಿಂದ ಬೆಳಕನ್ನು ಹಿಂದಿರುಗಿಸದ ಕಾರಣ ಮುಖದಲ್ಲಿ ಆಳ ಉಳಿಯುತ್ತದೆ. ಬಾಗಲಕೋಟೆ ಕಡೆಯ ಕೆಂಪು ಕಲ್ಲಿನ ಮನೆಗಳ ಅಂಗಳದಲ್ಲಿ ಇದಕ್ಕೆ ವಿರುದ್ಧ: ಕಲ್ಲು ಬೆಳಕನ್ನು ತಿರುಗಿಸಿ ಗಲ್ಲದ ಕೆಳಗೆ ತುಂಬುತ್ತದೆ, ಕಂಬಳಿ ಹಾಸದೆ ಗತ್ಯಂತರವಿಲ್ಲ. ಬಾದಾಮಿಯ ಗುಹೆಗಳಲ್ಲಿ ಹೊರಗಿನ ಬೆಳಕು ಕಂಬದಿಂದ ಕಂಬಕ್ಕೆ ಹೇಗೆ ಕುಗ್ಗುತ್ತ ಹೋಗುತ್ತದೆಂದು ನೋಡಿಬನ್ನಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಹೂಡಲು ಮುಂಚೆಯೇ ಅನುಮತಿ ಬೇಕಾದ್ದರಿಂದ ಅಲ್ಲಿ ಕಣ್ಣೇ ಸಾಕು.

ಸೂರ್ಯನನ್ನೇ ಒಳಗೆ ತರುವ ಉಪಾಯವನ್ನು ಮಾತ್ರ ಮೂರ್ತಿಯವರಿಂದ ಕಲಿಯಬೇಕು. ‘ಕಾಗಜ್ ಕೇ ಫೂಲ್’ (1959) ಚಿತ್ರದ ಹೆಸರಾಂತ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಸೂರ್ಯನ ಬೆಳಕನ್ನು ತಿರುಗಿಸಿ ಪಡೆದರು. ಅಂಗಳದಲ್ಲಿ ಒಂದು ಅಲಮಾರಿಯ ಕನ್ನಡಿ, ಒಳಗೆ ತುಸು ಊದಿನಕಡ್ಡಿಯ ಹೊಗೆ. ನಮ್ಮ ಜಿಲ್ಲೆಗಳಲ್ಲಿ ಬಿಸಿಲಿಗೇನು ಕೊರತೆ.

ಉಳಿದ ಮೂರು ಚಿತ್ರಗಳು

‘ಗೆರ್ಟ್ರುಡ್’ ನೋಡುವುದು ತಾಳ್ಮೆಯ ಕೆಲಸ. ಪಾತ್ರಗಳು ಸೋಫಾದಲ್ಲಿ ಕುಳಿತು, ಒಬ್ಬರ ಮುಖ ಒಬ್ಬರು ಹೆಚ್ಚು ನೋಡದೆ, ಬಹಳ ಹೊತ್ತು ಮಾತನಾಡುತ್ತವೆ. 1964ರಲ್ಲಿ ಪ್ಯಾರಿಸಿನ ಮೊದಲ ಪ್ರದರ್ಶನಕ್ಕೆ ಸಿಕ್ಕ ಸ್ವಾಗತವೂ ಕಹಿಯಾಗಿಯೇ ಇತ್ತು. ಆದರೂ ಕಲಿಯುವವರಿಗೆ ಇದು ನಾಲ್ಕರಲ್ಲಿ ಹೆಚ್ಚು ಉಪಯುಕ್ತ ಎಂದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಬೆಳಕನ್ನು ಬಿಟ್ಟು ಬೇರೆ ಆಕರ್ಷಣೆ ಇಲ್ಲ. ನೆನಪಿನ ದೃಶ್ಯಗಳಲ್ಲಿ ಬೆಳಕು ಬೇಕೆಂದೇ ಬೆಳ್ಳಗೆ ಉಕ್ಕಿದೆ; ವರ್ತಮಾನದ ದೃಶ್ಯಗಳಿಗೂ ಅವಕ್ಕೂ ಇರುವ ಅಂತರವನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಎದುರುಬದುರು ಗುರುತಿಸಿ. ಮುತ್ಯಾನ ದೃಶ್ಯವನ್ನೇ, ಮೊಮ್ಮಗಳು ಮುಂದೆ ಎಂದೋ ನೆನೆಯುವ ದೃಶ್ಯವೆಂದು ಭಾವಿಸಿ, ಹಿಂದಿನ ಗೋಡೆಗೆ ಬಿಳಿ ದೋತರ ಕಟ್ಟಿ, ಎಕ್ಸ್‌ಪೋಶರನ್ನು ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು) ಏರಿಸಿ ತೆಗೆದು ನೋಡಿ.

‘ಎಪಿಡೆಮಿಕ್’ ಹತ್ತು ಲಕ್ಷ ಡೇನಿಷ್ ಕ್ರೋನರ್‌ಗಳಷ್ಟು ಕಡಿಮೆ ಹಣದಲ್ಲಿ ಚಿತ್ರ ತೆಗೆಯುತ್ತೇನೆಂದು ವಾನ್ ಟ್ರಯರ್ ಪಂಥ ಕಟ್ಟಿ ಮಾಡಿದ್ದು. ಅದರ ಬಹುಭಾಗ ಒರಟಾದ 16 ಎಂ.ಎಂ. ಫಿಲ್ಮಿನದು, ಚಿತ್ರದೊಳಗಿನ ಚಿತ್ರದ, ಹೆಚ್ಚು ನಯವಾದ 35 ಎಂ.ಎಂ. ಭಾಗಗಳಿಗೆ ಮಾತ್ರ ಬೆಂಟ್ಸೆನ್ ಅವರನ್ನು ಕರೆದರು. ಕೈಯಲ್ಲಿ ಹಣ ಕಡಿಮೆ ಇದ್ದಾಗ ಎಲ್ಲ ದೃಶ್ಯಗಳಿಗೂ ಅರೆಬರೆ ಬೆಳಕು ಹಂಚುವ ಬದಲು ಮೂರು ದೃಶ್ಯಗಳಿಗೆ ಪೂರ್ತಿ ಬೆಳಕು ಕೊಟ್ಟು ಉಳಿದವನ್ನು ಇದ್ದಂತೆ ತೆಗೆಯಬಹುದು ಎಂಬ ಲೆಕ್ಕ ಇದರಲ್ಲಿದೆ. ಚಿತ್ರ ಒಮ್ಮೆ ನೋಡಿದರೆ ಸಾಕು.

1945ರ ಜರ್ಮನಿಯ ರೈಲುಗಳಲ್ಲಿ ನಡೆಯುವ ‘ಯುರೋಪಾ’ದಲ್ಲಿ ಬೆಂಟ್ಸೆನ್ ಜೊತೆಗೆ ಎಡ್ವರ್ಡ್ ಕ್ಲೊಸಿನ್ಸ್ಕಿ, ಜಾನ್ ಪಾಲ್ ಮ್ಯೂರಿಸ್ ಅವರೂ ಛಾಯಾಗ್ರಾಹಕರು. ನಟರ ಹಿಂದೆ ಪರದೆಯ ಮೇಲೆ ಮೊದಲೇ ತೆಗೆದ ಹಿನ್ನೆಲೆಯನ್ನು ಬಿಟ್ಟು, ಮುಂದೆ ಬಣ್ಣದ ಮುಖ, ಹಿಂದೆ ಕಪ್ಪು ಬಿಳುಪಿನ ಲೋಕ ಎಂಬಂತೆ ಒಂದೇ ಚೌಕಟ್ಟಿನಲ್ಲಿ ಕೂಡಿಸಿದ್ದಾರೆ. 1991ರಲ್ಲಿ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಇದಕ್ಕೆ ತೀರ್ಪುಗಾರರ ಪ್ರಶಸ್ತಿಯೂ ತಾಂತ್ರಿಕ ಪ್ರಶಸ್ತಿಯೂ ಬಂದವು. ಚತುರತೆ ಅತಿಯಾಯಿತೆಂದು ನನಗೆ ಅನಿಸುತ್ತದೆ, ಆದರೆ ಅಭ್ಯಾಸಕ್ಕೆ ಚೆನ್ನ. ರೈಲಿನ ಕಿಟಕಿಯಿಂದ ಕೃಷ್ಣೆಯ ಹಿನ್ನೀರನ್ನು ತೆಗೆದುಕೊಂಡು ಬನ್ನಿ. ತೆಳುವಾದ ಬಿಳಿ ದೋತರವನ್ನು ಬಿಗಿದು ಕಟ್ಟಿ, ಬಾಡಿಗೆಯ ಪ್ರೊಜೆಕ್ಟರಿನಿಂದ ಅದರ ಹಿಂಬದಿಯಿಂದ ಆ ದೃಶ್ಯವನ್ನು ಬಿಡಿ. ಮುಂದೆ ಒಬ್ಬರನ್ನು ಕೂರಿಸಿ. ಮುಖದ ದೀಪ ಪರದೆಯ ಮೇಲೆ ಬಿದ್ದರೆ ಹಿನ್ನೆಲೆ ಬಿಳುಚಿ ಮೋಸ ಬಯಲಾಗುತ್ತದೆ, ಆದ್ದರಿಂದ ನಟನಿಗೂ ಪರದೆಗೂ ಕನಿಷ್ಠ ಆರೇಳು ಅಡಿ ಅಂತರವಿಟ್ಟು ದೀಪವನ್ನು ಪಕ್ಕದಿಂದ ಕೊಡಿ. ಹಿನ್ನೆಲೆಯಲ್ಲಿ ಬಿಸಿಲು ಎಡದಿಂದ ಬಂದಿದ್ದರೆ ದೀಪವೂ ಎಡದಲ್ಲೇ ಇರಬೇಕು.

ಕೊನೆಗೆ ದೀಪವಿಲ್ಲದೆ

‘ಯುರೋಪಾ’ ಬಂದ ನಾಲ್ಕೇ ವರ್ಷಕ್ಕೆ, 1995ರಲ್ಲಿ, ಅದೇ ವಾನ್ ಟ್ರಯರ್ ಮತ್ತು ಥಾಮಸ್ ವಿಂಟರ್‌ಬರ್ಗ್ ಸೇರಿ ಡಾಗ್ಮ 95 ಎಂಬ ಪ್ರಣಾಳಿಕೆ ಹೊರಡಿಸಿದರು. ಕ್ಯಾಮೆರಾ ಕೈಯಲ್ಲೇ ಇರಬೇಕು, ಚಿತ್ರ ಬಣ್ಣದಲ್ಲಿರಬೇಕು, ವಿಶೇಷ ದೀಪಗಳನ್ನು ಬಳಸಕೂಡದು: ಬೆಂಟ್ಸೆನ್ ಬದುಕಿಡೀ ಮಾಡಿದ್ದಕ್ಕೆಲ್ಲ ಇದು ತದ್ವಿರುದ್ಧ. ಈ ನಿಯಮಗಳಡಿ ‘ಫೆಸ್ಟೆನ್’ (1998) ಚಿತ್ರವನ್ನು ಪುಟ್ಟ ವಿಡಿಯೋ ಕ್ಯಾಮೆರಾದಲ್ಲಿ ತೆಗೆದ ಆಂಥನಿ ಡಾಡ್ ಮ್ಯಾಂಟಲ್ ಮುಂದೆ ಮುಂಬಯಿಯಲ್ಲಿ ‘ಸ್ಲಂಡಾಗ್ ಮಿಲಿಯನೇರ್’ ತೆಗೆದು ಆಸ್ಕರ್ ಪಡೆದರು.

ನೀವೂ ಮುತ್ಯಾನ ದೃಶ್ಯವನ್ನು ಈ ನಿಯಮಗಳಿಗೆ ಒಳಪಟ್ಟು ಮತ್ತೊಮ್ಮೆ ತೆಗೆಯಿರಿ: ಬೆಳಕಿಂಡಿ ತೆರೆದು, ಕಂಬಳಿಗಳನ್ನು ಇಳಿಸಿ, ಹಗಲಿನಲ್ಲಿ, ಬಣ್ಣದಲ್ಲಿ, ಕೈಯಲ್ಲೇ ಹಿಡಿದು. ಎರಡೂ ಪ್ರತಿಗಳನ್ನು ಎರಡು ಫೋನುಗಳಲ್ಲಿ ಅಕ್ಕಪಕ್ಕ ಇಟ್ಟು ಓಡಿಸಿ, ಯಾವ ಮಾತಿಗೆ ಯಾರ ಮುಖ ಕಾಣಬೇಕಿತ್ತು, ಯಾವ ಪ್ರತಿಯಲ್ಲಿ ಕಂಡಿತು ಎಂದು ಪಟ್ಟಿ ಮಾಡಿ. ಯಾವ ದೀಪವಿಲ್ಲದೆಯೂ ಆ ಮಾತು ನಿಂತಿತೋ ಆ ದೀಪವನ್ನು ಮುಂದಿನ ಚಿತ್ರೀಕರಣದ ನಕ್ಷೆಯಿಂದ ತೆಗೆದುಹಾಕಿ.